ಸೀರಿಯಲ್ ಬಿಟ್ಟರೆ ಸಂಬಳ ಜಾಸ್ತಿ ಆಗಲ್ಲ

ಜೊತೆಗೇ ಸೇರಿದ ಹುಡುಗನಿಗೆ ನಿಮಗಿಂತ ಜಾಸ್ತಿ ಸಂಬಳ, ನೀವು ಸೀರಿಯಲ್‌ಗೋಸ್ಕರ ಸಂಜೆ ಸರಿಯಾಗಿ ಆರಕ್ಕೆ ಆಫೀಸಿನಿಂದ ಹೊರಡುತ್ತೀರಿ, ಅದನ್ನು ಬಿಟ್ಟು ಎಂಟರವರೆಗೆ ಕೂತರೆ ಸರಿಹೋಗುತ್ತಾ ಅಥವಾ ಬೇರೆ ಕೆಲಸ ಹುಡುಕಬೇಕಾ ಅಂತ ಕೇಳಿದ್ದೀರಿ. ಸರಿಹೋಗಲ್ಲ. ನಾನು ಕೂತು ನೋಡಿದ್ದೇನೆ.

ಪೀಣ್ಯದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಂಪನಿ, ಹೆಸರು ಬೇಡ. ಅಲ್ಲಿ ಅಕೌಂಟ್ಸ್‌ನಲ್ಲಿದ್ದೆ. ನಾನೂ ಇನ್ನೊಬ್ಬ ಹುಡುಗನೂ ಒಂದೇ ತಿಂಗಳು ಸೇರಿದ್ದು, ಪಕ್ಕಪಕ್ಕದ ಟೇಬಲ್. ಅವನು ಖರೀದಿ ಬಿಲ್ ನೋಡುತ್ತಿದ್ದ, ನಾನು ಮಾರಾಟದ್ದು. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಎರಡನ್ನೂ ನೋಡಿಕೊಳ್ಳಬೇಕು. ತಿಂಗಳ 7ಕ್ಕೆ ಟಿಡಿಎಸ್ ಅಂದರೆ ಮೊದಲೇ ಹಿಡಿದ ತೆರಿಗೆ ಕಟ್ಟೋದು, 11ಕ್ಕೆ ಜಿಎಸ್‌ಟಿಯ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ, ಈ ಮೂರು ತಾರೀಖು ಬಂದರೆ ಇಬ್ಬರಿಗೂ ಒಂದೇ ತಲೆನೋವು. ಸಂಬಳದ ಫೈಲನ್ನು ಬ್ಯಾಂಕಿಗೆ ಅಪ್‌ಲೋಡ್ ಮಾಡುವವರು ಒಂದು ಸಲ ರಜೆಯಲ್ಲಿದ್ದರು, ಆ ಕೆಲಸ ನನಗೆ ಬಂತು. ಫೈಲ್ ತೆಗೆದರೆ ಅವನ ಹೆಸರಿನ ಮುಂದೆ 34,000, ನನ್ನ ಹೆಸರಿನ ಮುಂದೆ 26,000. ಬ್ಯಾಂಕಿಗೆ ಕಳಿಸುವ ಬಟನ್ ಒತ್ತಿದ್ದೂ ನಾನೇ.

ಮ್ಯಾನೇಜರ್ ಹತ್ತಿರ ಹೋದೆ. ಅವರು ನಕ್ಕರು. "ಮೇಡಂ, ನೀವು ಸೀರಿಯಲ್ ಟೈಮ್‌ಗೆ ಸರಿಯಾಗಿ ಓಡ್ತೀರಲ್ಲ, ಅವನು ಎಂಟರ ತನಕ ಇರ್ತಾನೆ" ಅಂದರು. ನಾನು ಸೀರಿಯಲ್ ನೋಡುವುದು ಆಫೀಸಿಗೆಲ್ಲ ಗೊತ್ತಿತ್ತು. ಊಟದ ಹೊತ್ತಿಗೆ ಹಿಂದಿನ ದಿನದ ಕಥೆ ಹೇಳುತ್ತಿದ್ದವಳು ನಾನೇ, ಡೈಲಾಗ್ ಸಮೇತ. ಅವತ್ತು ಬಾಯಿ ಕಟ್ಟಿಹೋಯಿತು. ಹೌದೇನೋ, ತಪ್ಪು ನನ್ನದೇ ಇರಬೇಕು ಅನ್ನಿಸಿತು.

ಹಾಗಾಗಿ ಸೀರಿಯಲ್ ಬಿಟ್ಟೆ. ಹತ್ತಿರ ಹತ್ತಿರ ಒಂದು ವರ್ಷ ಎಂಟರವರೆಗೆ ಕೂತೆ. ಕೂತವರಿಗೆ ಕೆಲಸ ತಾನಾಗಿ ಹುಟ್ಟುತ್ತೆ, ನಿಮಗೂ ಗೊತ್ತಿರುತ್ತೆ. ಅವನು ಆ ಎರಡು ಗಂಟೆಯಲ್ಲಿ ಮಾಡುತ್ತಿದ್ದದ್ದು ಏನು ಅಂತಲೂ ಆಗ ನೋಡಿದೆ. ಅರ್ಧ ಗಂಟೆ ಟೀ ಅಂಗಡಿ, ಆಮೇಲೆ ತುಮಕೂರು ರಸ್ತೆ ಟ್ರಾಫಿಕ್ ಕರಗಲಿ ಅಂತ ಫೋನ್. ಕೆಟ್ಟವನಲ್ಲ ಪಾಪ. ಆದರೆ ಅದನ್ನು ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಐಪಿಎಲ್ ಶುರುವಾದರೆ ಇನ್ನೂ ಮಜಾ. ಚಿನ್ನಸ್ವಾಮಿಯಲ್ಲಿ ಏಳೂವರೆಗೆ ಆರ್‌ಸಿಬಿ ಮ್ಯಾಚ್ ಇದ್ದರೆ ಮ್ಯಾನೇಜರ್ ಸಮೇತ ನಾಲ್ಕು ಗಂಟೆಗೇ ಟೀ ಶರ್ಟ್ ಬದಲಾಯಿಸಿ ಹೊರಟುಬಿಡುತ್ತಿದ್ದರು. ಮ್ಯಾಚ್ ಅಂದರೆ ಅಭಿಮಾನ. ಸೀರಿಯಲ್ ಅಂದರೆ ಜವಾಬ್ದಾರಿ ಇಲ್ಲದಿರುವುದು. ಇದನ್ನು ಈಗ ನೆನೆಸಿಕೊಂಡರೂ ಉರಿಯುತ್ತೆ.

ವರ್ಷದ ಕೊನೆಗೆ ಇಬ್ಬರಿಗೂ 8 ಪರ್ಸೆಂಟ್ ಇನ್‌ಕ್ರಿಮೆಂಟ್. ಸಮಾನವಾಗಿ ಕೊಟ್ಟಿದ್ದೇವೆ ಅಂತ ಮ್ಯಾನೇಜರ್ ಬೇರೆ ಹೇಳಿದರು. ನೀವೇ ಲೆಕ್ಕ ಹಾಕಿ. ಇಬ್ಬರಿಗೂ ಪ್ರತಿ ವರ್ಷ 8 ಪರ್ಸೆಂಟ್ ಕೊಟ್ಟುಕೊಂಡು ಹೋದರೆ 8,000ದ ಅಂತರ ಐದು ಇನ್‌ಕ್ರಿಮೆಂಟ್ ಆಗುವಷ್ಟರಲ್ಲಿ 11,750ರ ಹತ್ತಿರ ಹೋಗುತ್ತೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕವೂ ಕೊನೆಯ ಸಂಬಳದ ಮೇಲೆ, ಅಲ್ಲೂ ಅದೇ ಕಥೆ.

ಈಗ ನನಗೆ ನಿಜವಾಗಿ ದುಬಾರಿಯಾದ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಆಫರ್ ಲೆಟರ್‌ನಲ್ಲಿ ನನ್ನ ಹುದ್ದೆ "ಅಕೌಂಟ್ಸ್ ಅಸಿಸ್ಟೆಂಟ್" ಅಂತಿತ್ತು. ಅವನದು "ಅಕೌಂಟ್ಸ್ ಎಕ್ಸಿಕ್ಯುಟಿವ್". ಸೇರುವ ದಿನ ನಾನು ಅದನ್ನು ಓದಿದ್ದೆ, ಓದಿಲ್ಲ ಅಂತ ಸುಳ್ಳು ಹೇಳಲ್ಲ. ಎಚ್‌ಆರ್ ಹುಡುಗಿಯನ್ನು ಕೇಳಿದೆ ಕೂಡ. "ಅದು ಸುಮ್ನೆ ಹೆಸರು ಮೇಡಂ, ಕೆಲಸ ಒಂದೇ" ಅಂದಳು. ಮಗು ಆದಮೇಲೆ ಮೂರು ವರ್ಷ ಮನೆಯಲ್ಲಿದ್ದು ಮತ್ತೆ ಹೊರಗೆ ಬಂದಿದ್ದೆ, ಸಿಕ್ಕಿದ್ದೇ ದೊಡ್ಡದು ಅನ್ನೋ ಮನಸ್ಸು. ಸಹಿ ಹಾಕಿದೆ. "ಕೆಲಸ ಒಂದೇ" ಅನ್ನುವ ಆ ಮಾತನ್ನು ಒಂದು ಇಮೇಲ್‌ನಲ್ಲಿ ಬರೆಸಿಕೊಂಡಿದ್ದರೆ ಸಾಕಿತ್ತು. ಬರೆಸಿಕೊಳ್ಳಲಿಲ್ಲ. ಆಮೇಲೆ ಸಂಬಳದ ವಿಷಯ ಎತ್ತಿದಾಗೆಲ್ಲ ಅವರ ಉತ್ತರ ಒಂದೇ ಆಗಿತ್ತು: ನೀವು ಅಸಿಸ್ಟೆಂಟ್, ಅವನು ಎಕ್ಸಿಕ್ಯುಟಿವ್, ಗ್ರೇಡ್ ಬೇರೆ, ಹೋಲಿಸಬೇಡಿ. ಹೆಂಗಸು ಅಂತ ಕಡಿಮೆ ಕೊಡುತ್ತೇವೆ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ. ಗ್ರೇಡ್ ಅಂತಾರೆ. ನಮ್ಮ ಸೆಕ್ಷನ್‌ನಲ್ಲಿ ಅಸಿಸ್ಟೆಂಟ್‌ಗಳೆಲ್ಲ ಹೆಂಗಸರು, ಎಕ್ಸಿಕ್ಯುಟಿವ್‌ಗಳೆಲ್ಲ ಗಂಡಸರು ಅನ್ನೋದು ನನಗೆ ಹೊಳೆಯುವಷ್ಟರಲ್ಲಿ ಇಷ್ಟು ದಿನ ಕಳೆದಿತ್ತು.

ಕ್ರಿಕೆಟ್ ಅಂದೆನಲ್ಲ, ಅಲ್ಲೂ ಇದೇ. 2022ರ ಅಕ್ಟೋಬರ್‌ನಲ್ಲಿ ಬಿಸಿಸಿಐ ಗಂಡಸರಿಗೂ ಹೆಂಗಸರಿಗೂ ಒಂದೇ ಮ್ಯಾಚ್ ಫೀ ಅಂತು. ಟೆಸ್ಟ್‌ಗೆ 15 ಲಕ್ಷ, ಒಂದು ದಿನದ ಪಂದ್ಯಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಆಫೀಸಲ್ಲೆಲ್ಲ ಅದೇ ಮಾತು, ಇನ್ನೇನು ಬೇಕು ನಿಮಗೆ ಅಂತ. ಆದರೆ ಆಗ ವರ್ಷದ ಕಾಂಟ್ರ್ಯಾಕ್ಟ್‌ನಲ್ಲಿ ಗಂಡಸರ ಮೇಲಿನ ಗ್ರೇಡ್‌ಗೆ 7 ಕೋಟಿ ಇತ್ತು, ಹೆಂಗಸರ ಮೇಲಿನ ಗ್ರೇಡ್‌ಗೆ 50 ಲಕ್ಷ.

ನನ್ನ ಕಣ್ಣು ತೆರೆಸಿದ್ದು ನಮ್ಮ ಬೀದಿಯ ಒಬ್ಬರು ವಕೀಲರು. ಕಾನೂನು ನೋಡೋದು ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು ಅಂದರು. 1976ರಲ್ಲೇ ಸಮಾನ ವೇತನ ಕಾಯ್ದೆ ಬಂದಿದೆ. ಮುಂಬೈಯ ಮ್ಯಾಕಿನಾನ್ ಮೆಕೆಂಜಿ ಕಂಪನಿಯಲ್ಲಿ ಆಡ್ರೆ ಡಿಕೋಸ್ಟಾ ಅನ್ನುವ ಸ್ಟೆನೋ ಇದ್ದರು. ಹೆಂಗಸರನ್ನು "ಕಾನ್ಫಿಡೆನ್ಶಿಯಲ್ ಲೇಡಿ ಸ್ಟೆನೋಗ್ರಾಫರ್" ಅಂತ ಬೇರೆ ಇಟ್ಟು, ಗಂಡಸು ಸ್ಟೆನೋಗಳಿಗಿಂತ ಕಡಿಮೆ ಕೊಡುತ್ತಿದ್ದರು. ಯೂನಿಯನ್ ಜೊತೆ ಒಪ್ಪಂದ ಆಗಿದೆ, ಕಂಪನಿ ಹತ್ತಿರ ದುಡ್ಡಿಲ್ಲ, ಎಲ್ಲಾ ನೆಪ ಹೇಳಿ ನೋಡಿದರು. 1987ರಲ್ಲಿ ಸುಪ್ರೀಂ ಕೋರ್ಟ್ ಯಾವುದನ್ನೂ ಒಪ್ಪಲಿಲ್ಲ. ಈಗ ಆ ಹಳೆ ಕಾಯ್ದೆ 2019ರ ವೇತನ ಸಂಹಿತೆಯೊಳಗೆ ಸೇರಿದೆ, ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರಲ್ಲೂ ಕೇಳೋದು ಇಷ್ಟೇ: ಬೇಕಾದ ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಒಂದೇ ಥರ ಇದೆಯಾ? ಎಷ್ಟು ಗಂಟೆಗೆ ಮನೆಗೆ ಹೋಗಿ ಏನು ನೋಡುತ್ತೀರಿ ಅಂತ ಕೇಳಲ್ಲ.

ಆಮೇಲೆ ಏನು ಮಾಡಿದೆ ಅಂದರೆ, ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿದೆ. ಎಡಕ್ಕೆ ನನ್ನ ಕೆಲಸ, ಬಲಕ್ಕೆ ಅವನದು, ಎಷ್ಟು ಬಿಲ್, ಯಾವ ರಿಟರ್ನ್, ಆಡಿಟರ್ ಬಂದಾಗ ಯಾರು ಉತ್ತರ ಕೊಟ್ಟರು, ಯಾರ ರಜೆಯಲ್ಲಿ ಯಾರು ನೋಡಿಕೊಂಡರು. ಮನೆ ಬಾಡಿಗೆ, ಮಗನ ಸ್ಕೂಲ್ ಫೀಸ್ ಯಾವುದನ್ನೂ ಬರೆಯಲಿಲ್ಲ. ಅದನ್ನು ಬರೆದರೆ ಅವರಿಗೆ ಸಲೀಸು, ಪಾಪ ಕಷ್ಟ ಅಂತ ಐನೂರು ರೂಪಾಯಿ ಹಾಕಿ ಕಳಿಸುತ್ತಾರೆ. ಆ ಹಾಳೆಯನ್ನು ಎಚ್‌ಆರ್‌ಗೆ, ಮ್ಯಾನೇಜರ್‌ಗೆ ಇಬ್ಬರಿಗೂ ಇಮೇಲ್ ಮಾಡಿದೆ. ಎರಡು ವಾರ ಯಾರೂ ಮಾತಾಡಲಿಲ್ಲ. ಆಮೇಲೆ ಹುದ್ದೆ ಬದಲಾಯಿತು, ಸಂಬಳ ಅವನ ಹತ್ತಿರಕ್ಕೆ ಬಂತು, ಪೂರ್ತಿ ಅಲ್ಲ. ಹಿಂದಿನ ಬಾಕಿ ಒಂದು ಪೈಸೆ ಬರಲಿಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಇಲಾಖೆಯ ಕಚೇರಿ ಇರುವ ಕಾರ್ಮಿಕ ಭವನಕ್ಕೆ ಹೋಗಿ ದೂರು ಕೊಡಿ ಅಂತ ವಕೀಲರು ಹೇಳಿದ್ದರು. ನನ್ನ ಹತ್ತಿರ "ಕೆಲಸ ಒಂದೇ" ಅನ್ನುವ ಆ ಒಂದು ಮಾತು ಬರಹದಲ್ಲಿ ಇಲ್ಲದ ಕಾರಣ ಧೈರ್ಯ ಸಾಲಲಿಲ್ಲ. ಹೋಗಬಹುದಿತ್ತು. ಹೋಗಲಿಲ್ಲ.

ಬೇರೆ ಕೆಲಸ ಹುಡುಕಲಾ ಅಂದಿರಿ. ಹುಡುಕಿ, ಬೇಡ ಅನ್ನಲ್ಲ. ಆದರೆ ಹೊಸ ಕಂಪನಿಯವರು ಮೊದಲು ಕೇಳೋದೇ ಕಳೆದ ಮೂರು ತಿಂಗಳ ಪೇ ಸ್ಲಿಪ್. ಅದರ ಮೇಲೆ ಇಷ್ಟು ಪರ್ಸೆಂಟ್ ಅಂತ ಕೊಡುತ್ತಾರೆ. ಅಂದರೆ ಈಗಿನ ಅಂತರ ನಿಮ್ಮ ಜೊತೆಗೇ ಬಸ್ ಹತ್ತುತ್ತೆ. ಇಲ್ಲಿ ಮೊದಲು ಸರಿಮಾಡಿಸಿಕೊಂಡು ಆಮೇಲೆ ಹೋಗಿ. ಅಲ್ಲೂ ಹಳೆ ಸಂಬಳ ಎಷ್ಟು ಅಂದರೆ, ಈ ಹುದ್ದೆಗೆ ನೀವು ಎಷ್ಟು ಇಟ್ಟಿದ್ದೀರಿ ಅಂತ ತಿರುಗಿ ಕೇಳಿ.

ಸೀರಿಯಲ್ ಅಂತೂ ಬಿಡಲೇಬೇಡಿ. ನಾನು ವಾಪಸ್ ಶುರುಮಾಡಿದಾಗ ಕಥೆ ಎಲ್ಲಿಗೋ ಹೋಗಿತ್ತು, ಸತ್ತವಳು ಬದುಕಿದ್ದಳು. ನಾಯಕಿ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದ್ದಳು. ತಿಂಗಳುಗಟ್ಟಲೆ ನೋಡಿದೆ, ಅವಳ ಸಂಬಳ ಎಷ್ಟು ಅಂತ ಒಬ್ಬರೂ ಹೇಳಲಿಲ್ಲ. ಗಂಡನ ಸಾಲ ತೀರಿಸಿದಳು, ನಾದಿನಿಗೆ ಒಡವೆ ಕೊಡಿಸಿದಳು, ಮಾಲೀಕನನ್ನು ಮಾತ್ರ ಏನೂ ಕೇಳಲಿಲ್ಲ. ನಾನು ಟಿವಿ ಮುಂದೆ "ಕೇಳೇ, ಎಷ್ಟು ಅಂತ ಕೇಳೇ" ಅಂತ ಕೂಗಿದರೆ ನಮ್ಮ ಅತ್ತೆ, "ಅವಳು ಕೇಳಿದ್ರೆ ಸೀರಿಯಲ್ಲೇ ಮುಗಿದುಹೋಗುತ್ತೆ, ಸುಮ್ನಿರು" ಅಂದರು.

ಇನ್ನೊಂದು. ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅವನ ಆಫರ್ ಲೆಟರ್ ನಿಮಗೆ ಬೇಕಾಗುತ್ತೆ. ತೋರಿಸಿದರೆ ತನ್ನ ಸಂಬಳಕ್ಕೆ ಕತ್ತರಿ ಬೀಳುತ್ತೇನೋ ಅಂತ ಅವನು ಹೆದರುತ್ತಾನೆ. ನನ್ನವನೂ ಹೆದರಿದ್ದ. ಸಮ ಮಾಡುವ ನೆಪದಲ್ಲಿ ಯಾರ ಸಂಬಳವನ್ನೂ ಇಳಿಸುವ ಹಾಗಿಲ್ಲ ಅಂತ ಅದೇ ವೇತನ ಸಂಹಿತೆಯ 3ನೇ ಸೆಕ್ಷನ್‌ನಲ್ಲಿದೆ. ಅದನ್ನು ಮೊಬೈಲ್‌ನಲ್ಲಿ ತೆಗೆದು ಮೊದಲು ಅವನಿಗೆ ತೋರಿಸಿ, ಆಮೇಲೆ ಲೆಟರ್ ಕೇಳಿ.