ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗಿದೆ, ಕೆಳಗೆ ತಂಪಿಲ್ಲ: ಗ್ಯಾಸ್ ತುಂಬಿಸಬೇಕೇ?

ಈಗಲೇ ತುಂಬಿಸಬೇಡಿ. ಕುಂದಾಪುರದ ನಿಮ್ಮ ಮನೆಯಲ್ಲಿರುವುದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್, ಫ್ರೀಜರ್‌ನ ಹಿಂಬದಿಗೆ ಪೂರ್ತಿ ಐಸ್ ಹತ್ತಿದೆ, ಕೆಳಗಿಟ್ಟ ಹಾಲು ಒಡೆಯುತ್ತಿದೆ, ಬಂದ ಮೆಕ್ಯಾನಿಕ್ ಗ್ಯಾಸ್ ಹೋಗಿದೆ ಎಂದರು ಎಂದು ಬರೆದಿದ್ದೀರಿ. ಫ್ರಿಜ್ ದುರಸ್ತಿಯೇ ನನ್ನ ಕೆಲಸ. ಗ್ಯಾಸ್ ಕಡಿಮೆಯಾದಾಗ ಕಾಯಿಲ್‌ನ (ಗ್ಯಾಸ್ ಹರಿದು ತಂಪು ಮಾಡುವ ಕೊಳವೆ ಸುರುಳಿ) ಒಂದು ತುದಿಯಲ್ಲಷ್ಟೇ ಸ್ವಲ್ಪ ಐಸ್ ಕಾಣುತ್ತದೆ, ಉಳಿದದ್ದು ಒಣಗಿರುತ್ತದೆ. ಹಿಂಬದಿ ಪೂರ್ತಿ ಗಟ್ಟಿಯಾಗಿದ್ದರೆ ಕಾಯಿಲ್ ತಣ್ಣಗಾಗುತ್ತಿದೆ ಎಂದೇ ಅರ್ಥ. ಕೆಟ್ಟಿರುವುದು ಹೆಚ್ಚಾಗಿ ಐಸ್ ಕರಗಿಸುವ ವ್ಯವಸ್ಥೆ.

ಇಂಥ ಫ್ರಿಜ್‌ನಲ್ಲಿ ಕಾಯಿಲ್ ಫ್ರೀಜರ್‌ನ ಹಿಂದಿನ ಪ್ಯಾನೆಲ್‌ನ ಒಳಗಿರುತ್ತದೆ. ಅಲ್ಲಿನ ತಂಪು ಗಾಳಿಯನ್ನು ಫ್ಯಾನ್ ಕೆಳಗೂ ತಳ್ಳುತ್ತದೆ. ಕಾಯಿಲ್ ಮೇಲೆ ಕೂರುವ ಐಸನ್ನು ಹೀಟರ್ ಆಗಾಗ ಕರಗಿಸಬೇಕು. ಆ ಹೀಟರ್, ಅದನ್ನು ನಡೆಸುವ ಟೈಮರ್ ಅಥವಾ ಬೋರ್ಡ್, ಬೈಮೆಟಲ್ ಥರ್ಮೋಸ್ಟಾಟ್ (ಬೆಚ್ಚಗಾದಾಗ ಹೀಟರ್‌ನ ಕರೆಂಟ್ ಕಡಿಯುವ ಸ್ವಿಚ್), ಇವುಗಳಲ್ಲಿ ಒಂದು ಕೈಕೊಟ್ಟರೂ ಐಸ್ ಬೆಳೆದು ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಮೇಲೆ ಕಲ್ಲಿನಂತೆ ಐಸ್, ಕೆಳಗೆ ಬೆಚ್ಚಗೆ.

ಖಚಿತಪಡಿಸಿಕೊಳ್ಳಲು ಫ್ರಿಜ್ ಖಾಲಿ ಮಾಡಿ, ಪ್ಲಗ್ ತೆಗೆದು, ಎರಡೂ ಬಾಗಿಲು ತೆರೆದು 24 ಗಂಟೆ ಬಿಡಿ. ಕೆಳಗೆ ಹಳೆಯ ಬಟ್ಟೆ ಹಾಸಿ. ಚಾಕು, ಸ್ಕ್ರೂಡ್ರೈವರ್‌ನಿಂದ ಕೆತ್ತಲೇಬೇಡಿ, ದಯವಿಟ್ಟು. ಕಾಯಿಲ್‌ನ ಕೊಳವೆ ತೆಳು ಅಲ್ಯೂಮಿನಿಯಂ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿರುವ ಆರ್600ಎ ಅನಿಲ ಬೆಂಕಿ ಹತ್ತುವಂಥದ್ದು. ತೂತು ಬಿದ್ದರೆ ಆಗ ನಿಜಕ್ಕೂ ಗ್ಯಾಸ್ ಹೋಗುತ್ತದೆ.

ಪೂರ್ತಿ ಕರಗಿಸಿದ ಮೇಲೆ ಕೆಲವು ದಿನ ಎರಡೂ ಕಡೆ ಚೆನ್ನಾಗಿ ತಂಪಾಗಿ, ಆಮೇಲೆ ಮತ್ತೆ ಕೆಳಗೆ ಬೆಚ್ಚಗಾದರೆ ನನ್ನ ಅನುಮಾನ ಸರಿ. ಹಾಗಾಗದೆ ಬಾಗಿಲಿನ ಅಂಚಿನಲ್ಲಿ ಮಾತ್ರ ಪುಡಿ ಪುಡಿ ಹಿಮ ಕೂತರೆ ಹೊರಗಿನ ಗಾಳಿ ಒಳಬರುತ್ತಿದೆ; ಕರಾವಳಿಯ ಮಳೆಗಾಲದಲ್ಲಿ ಇದು ತೀರಾ ಸಾಮಾನ್ಯ. ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ಬಾಗಿಲಿನ ರಬ್ಬರ್ ಸಡಿಲವಾಗಿದೆ. ಮೊದಲು ಸಾಬೂನು ನೀರಿನಿಂದ ಅದರ ಜಿಡ್ಡು ತೆಗೆಯಿರಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಫ್ರೀಜರ್‌ನ ತಳದಲ್ಲಿ ಹಲಗೆಯಂತೆ ಐಸ್ ಕಟ್ಟುತ್ತಿದ್ದರೆ ನೀರು ಇಳಿಯುವ ತೂತು ಕಟ್ಟಿಕೊಂಡಿದೆ, ಸಿರಿಂಜ್‌ನಿಂದ ಬೆಚ್ಚನೆಯ ನೀರು ಬಿಟ್ಟರೆ ತೆರೆದುಕೊಳ್ಳುತ್ತದೆ.

ಮೆಕ್ಯಾನಿಕ್‌ರನ್ನು ಮತ್ತೆ ಕರೆಯುವುದಾದರೆ ಹಿಂದಿನ ಪ್ಯಾನೆಲ್ ತೆಗೆದು ನಿಮ್ಮೆದುರೇ ಹೀಟರ್, ಬೈಮೆಟಲ್‌ಗೆ ಮೀಟರ್ ಹಿಡಿದು ಪರೀಕ್ಷಿಸಲು ಹೇಳಿ. ಬೈಮೆಟಲ್ ವಿಷಯದಲ್ಲಿ ಎಚ್ಚರ: ಅದು ಚೆನ್ನಾಗಿ ತಣ್ಣಗಿದ್ದಾಗ ಮಾತ್ರ ಸಂಪರ್ಕ ಕೊಡುತ್ತದೆ. ಐಸ್ ಕರಗಿಸಿ ಬೆಚ್ಚಗಾದ ಮೇಲೆ ಪರೀಕ್ಷಿಸಿದರೆ ಒಳ್ಳೆಯ ಬೈಮೆಟಲ್ ಕೂಡ ಕೆಟ್ಟಂತೆ ತೋರುತ್ತದೆ. ಆದ್ದರಿಂದ ಮತ್ತೆ ಐಸ್ ಕಟ್ಟಿರುವಾಗಲೇ ಅವರನ್ನು ಕರೆಯಿರಿ.