ಆಪ್ತಸಲಹೆ ಪ್ರಕರಣ: ಅಟ್ಟದ ಮೇಲಿನ ಎಂಎಸ್ಸಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮೊದಲು ಫೋನ್ ಮಾಡಿದ್ದು ಗಂಡ. "ಮೇಡಂ, ಹಳೇ ಪುಸ್ತಕದ ವಿಷಯಕ್ಕೆ ಮನೇಲಿ ಮಾತೇ ನಿಂತುಹೋಗಿದೆ" ಅಂದರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಮಳೆ ಹಿಡಿಯುವ ಮೊದಲು ಹೆಂಚು ಇಳಿಸಿ ರೀಪು ಬದಲಿಸಬೇಕಿತ್ತು. ಅಟ್ಟ ಖಾಲಿ ಮಾಡುವಾಗ ಹೆಂಡತಿಯ ಎರಡು ಟ್ರಂಕು ಕೆಳಗೆ ಬಂದವು. "ಇಷ್ಟು ವರ್ಷ ಮುಟ್ಟಿಲ್ಲ, ಬಚ್ಚಲೊಲೆಗಾದ್ರೂ ಆಗ್ತದಲ್ಲ" ಅಂದರಂತೆ ಅತ್ತೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಸೊಸೆ ಅವತ್ತು ಊಟಕ್ಕೆ ಬರಲಿಲ್ಲ, ಆಮೇಲೆ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಆಕೆಗೆ 34 ವರ್ಷ. ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ, ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಓದಿದವರು. ಶಿವಮೊಗ್ಗಕ್ಕೆ ನನ್ನನ್ನು ನೋಡಲು ಬಂದಾಗ ಚೀಲದಲ್ಲಿ ಲ್ಯಾಬ್ ರೆಕಾರ್ಡ್ ತಂದಿದ್ದರು. ನಾನು ಕೇಳಿರಲಿಲ್ಲ. ಪುಟ ತಿರುಗಿಸುತ್ತಾ ಒಂದು ಚಿತ್ರದ ಹತ್ತಿರ ನಿಂತರು. ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರ ಅನ್ನುವ ಬೂಷ್ಟಿನಂಥ ಸೂಕ್ಷ್ಮಜೀವಿಯ ಬೀಜಾಣುಕೋಶ, ನಿಂಬೆಹಣ್ಣಿನ ಆಕಾರ, ಪೆನ್ಸಿಲ್ಲಿನ ಚುಕ್ಕಿಗಳಲ್ಲೇ ನೆರಳು ಕೊಟ್ಟಿದ್ದರು. ಕೆಳಗೆ ಮೇಷ್ಟ್ರ ಕೆಂಪು ಸಹಿ. ಅಂಚಿಗೆ ಬೂಷ್ಟು ಹಿಡಿದು ಕಾಗದ ಕಂದಾಗಿತ್ತು. "ಇದನ್ನ ಬರೀಲಿಕ್ಕೆ ಒಂದಿಡೀ ಮಧ್ಯಾಹ್ನ ಮೈಕ್ರೋಸ್ಕೋಪ್ ಬಿಟ್ಟು ಎದ್ದಿರ್ಲಿಲ್ಲ ಮೇಡಂ" ಅಂದರು. ಅಷ್ಟು ಹೊತ್ತು ನೆಟ್ಟಗೆ ಮಾತಾಡುತ್ತಿದ್ದವರು ಅಲ್ಲಿ ಅತ್ತರು.

ಕತೆ ಹೊರಗೆ ಬಂದಿದ್ದು ಆಮೇಲೆ. ಪಿಎಚ್‌ಡಿಗೆ ಸೀಟು ಸಿಕ್ಕಿತ್ತು. ಅದೇ ಹೊತ್ತಿಗೆ ಮದುವೆ ಗೊತ್ತಾಯಿತು. ಅಪ್ಪ, ಗಂಡ, ಮಾವ, ಎಲ್ಲರೂ "ಆಮೇಲೆ ಮಾಡು" ಅಂದವರೇ. ಬೇಡ ಅಂದವರು ಒಬ್ಬರೂ ಇಲ್ಲ. ಕೊಯ್ಲು ಬಂತು, ಮಗು ಆಯಿತು, ಮಾವನಿಗೆ ಹುಷಾರಿಲ್ಲದಾಯಿತು. ನನ್ನ ಅನುಭವದಲ್ಲಿ ಇದು ಜಗಳ ಆಡಿ ಓದು ಬಿಟ್ಟವರ ಕಷ್ಟಕ್ಕಿಂತ ಜಾಸ್ತಿ. ಸಿಟ್ಟು ಮಾಡಲು ಎದುರಿಗೆ ಯಾರೂ ಇಲ್ಲವಲ್ಲ! ಟ್ರಂಕು ಅಟ್ಟದ ಮೇಲೆ ಇರುವವರೆಗೆ "ಆಮೇಲೆ" ಅನ್ನುವುದೂ ಇತ್ತು. ಒಲೆಗೆ ಹಾಕಿದರೆ ಮುಗಿಯಿತು.

ಹಾಗಾಗಿ ಮೊದಲ ಸಲಹೆ ಟ್ರಂಕಿನ ಬಗ್ಗೆ ಆಗಿರಲಿಲ್ಲ. ಪಿಎಚ್‌ಡಿ ಇನ್ನೂ ಬೇಕಾ ಅಂತ ಕೇಳಿದೆ. "ಗೊತ್ತಿಲ್ಲ" ಅಂದರು. ಸರಿ, ಗೊತ್ತಿಲ್ಲ ಅಂತಲೇ ಇರಲಿ ಅಂದೆ, ಆದರೆ ಅದನ್ನು ಗಂಡನ ಎದುರು ಬಾಯಿಬಿಟ್ಟು ಹೇಳಿ. ವಯಸ್ಸು ಮೀರಿತು ಅನ್ನುವ ಭಯ ಅವರಿಗೆ ದೊಡ್ಡದಾಗಿತ್ತು. ನೆಟ್, ಕೆ-ಸೆಟ್ ಪರೀಕ್ಷೆಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಗೆ ವಯಸ್ಸಿನ ಮಿತಿ ಇಲ್ಲ, ಮಿತಿ ಇರುವುದು ಸಂಶೋಧನೆ ಮಾಡುವವರಿಗೆ ಹಣ ಕೊಡುವ ಜೆಆರ್‌ಎಫ್ ಫೆಲೋಶಿಪ್‌ಗೆ. ಇದು ತಿಳಿದಾಗ ಮುಖ ಸ್ವಲ್ಪ ಸಡಿಲವಾಯಿತು.

ಟ್ರಂಕಿನ ವಿಷಯಕ್ಕೆ ಬಂದರೆ, "ಹಳೇದನ್ನೆಲ್ಲ ಬಿಸಾಕಿ, ಹಗುರ ಆಗಿ" ಅನ್ನುವ ಉಪದೇಶ ನನಗೆ ಆಗದು. ಹಾಗಂತ ಮಲೆನಾಡಿನ ಮಳೆಗೆ ಕಾಗದ ಕಾಯುವುದೂ ಸುಲಭ ಇಲ್ಲ. ಬಿಸಿಲು ಇರುವಾಗಲೇ ಜಗಲಿಗೆ ತಂದು ಹರವಿ, ಬೇರೆ ಯಾರೂ ಕೈ ಹಾಕಬಾರದು, ನೀವೇ ಆರಿಸಿ ಅಂದೆ. ಮಾರ್ಕ್ಸ್ ಕಾರ್ಡು, ಪದವಿ ಪ್ರಮಾಣಪತ್ರ ಟ್ರಂಕಿನಲ್ಲಿ ಇರಲೇಬಾರದು, ಬೀರುವಿಗೆ ಹೋಗಬೇಕು. ಎಲ್ಲರೂ ಮೊದಲು ಬಿಸಾಕುವುದು ಸಿಲಬಸ್ ಪುಸ್ತಕ, ನಾನು ಇಟ್ಟುಕೊಳ್ಳಿ ಅನ್ನುವುದು ಅದನ್ನೇ. ಬೇರೆ ವಿಶ್ವವಿದ್ಯಾಲಯಕ್ಕೋ ವಿದೇಶಕ್ಕೋ ಅರ್ಜಿ ಹಾಕಿದರೆ ಯಾವ ಪೇಪರಿನಲ್ಲಿ ಏನು ಓದಿದ್ದೀರಿ ಅಂತ ಕೇಳುವುದುಂಟು. ಪ್ರಾಜೆಕ್ಟ್ ವರದಿ, ಕೈಯಾರೆ ಬರೆದ ರೆಕಾರ್ಡು ಇರಲಿ. ಜೆರಾಕ್ಸ್ ಕಂತೆ, ಗೈಡು, ಹಳೇ ಪ್ರಶ್ನೆಪತ್ರಿಕೆ ರದ್ದಿಗೆ ಹೋಗಲಿ. ಈ ನಡುವೆ ಪದವಿಯ ಸಿಲಬಸ್ಸೇ ಎರಡು ಸಲ ಬದಲಾಗಿದೆ: 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷ. ಹಾಗಾಗಿ ಪದವಿ ಕಾಲದ ನೋಟ್ಸನ್ನು ಈಗಿನ ಹುಡುಗರಿಗೆ ಕೊಡುವುದಾದರೆ ಮೊದಲು ಅವರ ಸಿಲಬಸ್ ನೋಡಿ ಕೊಡಬೇಕು. ಮೂಲ ಪಾಠಪುಸ್ತಕಗಳಿಗೆ ಆ ತೊಂದರೆ ಕಮ್ಮಿ.

ಹರ್ಬೇರಿಯಂ ಹಾಳೆಗಳೂ ಇದ್ದವು, ಒಣ ಗಿಡ ಅಂಟಿಸಿದ ದಪ್ಪ ಹಾಳೆ. ಎಲ್ಲಿ, ಯಾವತ್ತು, ಯಾರು ಕಿತ್ತಿದ್ದು ಅಂತ ಚೀಟಿಯಲ್ಲಿ ಬರೆದಿದ್ದರೆ ಕಾಲೇಜಿನ ಸಸ್ಯಶಾಸ್ತ್ರ ವಿಭಾಗವನ್ನು ಕೇಳಿನೋಡಬಹುದು. ಚೀಟಿ ಇಲ್ಲದ ಹಾಳೆ ಅವರಿಗೂ ಉಪಯೋಗಕ್ಕೆ ಬರುವುದಿಲ್ಲ.

ಎರಡನೇ ಭೇಟಿಗೆ ಗಂಡನೂ ಬಂದರು. ಅವರಿಗೆ ಹೇಳಿದ್ದು ಇಷ್ಟೇ: ಸಹಾಯ ಅಂತ ಟ್ರಂಕು ನೀವೇ ಎತ್ತಿ ಆಚೀಚೆ ಇಡಬೇಡಿ, ಕಾಯಿರಿ. ಅವರು ಮಾತ್ರ ಬೇರೆ ಸುದ್ದಿ ತಂದಿದ್ದರು. ಆಕೆ ಆರಿಸಲು ಕೂತಾಗ ಮಾವ ಬಂದು ಪಕ್ಕದಲ್ಲಿ ಕೂತರಂತೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಪ್ರಕಟಿಸಿದ ಕೆಲಸದ ಟಿಪ್ಪಣಿ ಸಿಕ್ಕಿ, ಸೊಸೆ ಅದನ್ನು ಓದಿ ಹೇಳಿದರು. ಕೊಳೆರೋಗ ಬಾರದಂತೆ ಗೊನೆಗೆ ಹೊಡೆಯುವ ಔಷಧಿ ಬೋರ್ಡೋ. ನಮ್ಮಲ್ಲಿ ಬೋರ್ಡೋ ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಅದು ಮಾವನಿಗೆ ಬಾಯಿಪಾಠ. ಸುಣ್ಣ ಯಾಕೆ ಬೇಕು ಅನ್ನುವುದು ಮಾತ್ರ ಅವತ್ತೇ ಗೊತ್ತಾಗಿದ್ದು: ಸುಣ್ಣ ಇಲ್ಲದಿದ್ದರೆ ಮೈಲುತುತ್ತದ ಹುಳಿ ಗೊನೆಯನ್ನೇ ಸುಡುತ್ತದೆ.

ಇದರಿಂದ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ತೋಟದ ಕೆಲಸಕ್ಕೆ ಬಂತು ಅಂದ ಮಾತ್ರಕ್ಕೆ ಬಿಟ್ಟುಹೋದ ಪಿಎಚ್‌ಡಿ ತೀರಿದ ಹಾಗಲ್ಲ, ಅದನ್ನು ಆಕೆಗೂ ಸ್ಪಷ್ಟವಾಗಿ ಹೇಳಿದೆ. ಈಗ ಒಂದು ಟ್ರಂಕು ಉಳಿದಿದೆ. ಮುಂದಿನ ಭೇಟಿಗೆ ಬರುವ ಮೊದಲು ಶಂಕರಘಟ್ಟಕ್ಕೆ ಹೋಗಿ, ಪಿಎಚ್‌ಡಿ ಪ್ರವೇಶದ ಈಗಿನ ನಿಯಮ ಕೇಳಿಕೊಂಡು ಬರುವುದಾಗಿ ಒಪ್ಪಿದ್ದಾರೆ. ಸೇರಲೇಬೇಕು ಅಂತೇನೂ ಇಲ್ಲ. ಮಗುವನ್ನು ಅವತ್ತು ಅತ್ತೆ ನೋಡಿಕೊಳ್ಳುತ್ತಾರೆ.