ಡಿಸೆಂಬರ್‌ನಲ್ಲಿ ಗೋಕರ್ಣ, ಕಾರವಾರ ಕಡೆ ಬಂದರೆ ಬೀಚ್ ಬಿಟ್ಟು ಏನು ನೋಡಬಹುದು?

ಹುಬ್ಬಳ್ಳಿಯಿಂದ ಶಿರಸಿ ಮೇಲೆ ಮಕ್ಕಳ ಜೊತೆ ಬರುತ್ತೀರಿ. ಹಕ್ಕಿ, ಆಮೆ, ಡಾಲ್ಫಿನ್ ಏನಾದರೂ ಕಾಣುತ್ತಾ, ಅದಕ್ಕೆ ದುಡ್ಡು ಕೊಟ್ಟು ಬೋಟ್ ಹತ್ತಲೇಬೇಕಾ ಅಂತ ಕೇಳಿದ್ದೀರಿ. ಹತ್ತಲೇಬೇಕು ಅಂತೇನಿಲ್ಲ. ಆದರೆ ಹೊರಡುವ ಮೊದಲು ಭರತ, ಇಳಿತದ ಹೊತ್ತು ತಿಳಿದುಕೊಳ್ಳಿ. ನಾನು ಕುಮಟಾದವನು. ನಮ್ಮ ಕಡೆ ಏನು ಕಾಣುತ್ತದೆ ಅನ್ನೋದು ಊರಿಗಿಂತ ನೀರಿನ ಮೇಲೆ ಜಾಸ್ತಿ ನಿಂತಿದೆ. ಇವತ್ತು ಎಂಟು ಗಂಟೆಗೆ ನೀರು ಇಳಿದಿದ್ದರೆ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತುಂಬಾ ಕೆಳಗೆ ಹೋಗುತ್ತದೆ. ಫೋನಿನಲ್ಲಿ ನೋಡಿದರೂ ಆಯಿತು, ಬಂದರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಒಂದೇ ಬೆಳಿಗ್ಗೆ ಬಿಡುವಿದ್ದರೆ ಓಂ ಬೀಚ್ ಬಿಟ್ಟು ಅಘನಾಶಿನಿ ಅಳಿವೆಗೆ, ಅಂದರೆ ಆ ಹೊಳೆ ಸಮುದ್ರ ಸೇರುವ ಕಡೆಗೆ ಹೋಗಿ. ಗೋಕರ್ಣದಿಂದ ತದಡಿ ಹತ್ತಿರವೇ. ಅಲ್ಲಿಂದ ತಾರಿ ದೋಣಿಯಲ್ಲಿ ಹೊಳೆ ದಾಟಿದರೆ ಅಘನಾಶಿನಿ ಊರು. ಇಳಿತದ ಹೊತ್ತಿಗೆ ಹೊಳೆಯ ನಡುವೆ ಕೆಸರು, ಮರಳಿನ ದಿಬ್ಬಗಳು ಎದ್ದು ಕಾಣುತ್ತವೆ. ಬಳಚು ಆರಿಸುವವರು ಮೊಣಕಾಲು ನೀರಿನಲ್ಲಿ ನಿಂತಿರುತ್ತಾರೆ. ಬಳಚು ಅಂದರೆ ಕೆಸರೊಳಗೆ ಹುದುಗಿರುವ ಚಿಪ್ಪಿನ ಜೀವಿ, ಇಲ್ಲಿ ಎಷ್ಟೋ ಮನೆಗಳ ಅನ್ನ. ಅವರು ಕಾಲಿಟ್ಟ ಕೆಸರಿನಲ್ಲೇ ಹಕ್ಕಿಗಳೂ ಮೇಯುತ್ತವೆ. ಈ ಹೊಳೆಗೆ ಶಿರಸಿಯಿಂದ ಸಮುದ್ರದವರೆಗೆ ಅಣೆಕಟ್ಟು ಇಲ್ಲ. ಗಟ್ಟದ ಸಿಹಿನೀರು, ಮಣ್ಣು ಎರಡೂ ಅಡ್ಡಿಯಿಲ್ಲದೆ ಅಳಿವೆಗೆ ಬರುತ್ತವೆ. ಚಿಪ್ಪಿ, ಮೀನು, ಹಕ್ಕಿ ಇಷ್ಟೊಂದು ಇರುವುದಕ್ಕೆ ಅದೂ ಒಂದು ಕಾರಣ. 2024ರಲ್ಲಿ ಇದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ.

ಮಕ್ಕಳಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ತೋರಿಸಿ. ಕೆಸರಿನಿಂದ ಮೇಲಕ್ಕೆ ಚಾಚಿದ ಕಡ್ಡಿಗಳು ಆ ಗಿಡದ ಬೇರುಗಳೇ. ಗಾಳಿಗಾಗಿ ಮೇಲೆ ಬಂದಿರುತ್ತವೆ. ಅಲ್ಲೇ ಕೂತು ಸುಮ್ನೆ ಐದು ನಿಮಿಷ ಅಲುಗಾಡದೆ ಇರಿ. ಬಿಲದೊಳಗೆ ಅಡಗಿದ ಸಣ್ಣ ಏಡಿಗಳು ಒಂದೊಂದಾಗಿ ಹೊರಬರುತ್ತವೆ. ಅವುಗಳಲ್ಲಿ ಒಂದು ಜಾತಿಯ ಗಂಡಿಗೆ ಒಂದು ಕೊಂಡಿ ಮಾತ್ರ ವಿಪರೀತ ದೊಡ್ಡದು, ಅದನ್ನು ಮೇಲೆ ಕೆಳಗೆ ಬೀಸಿ ಹೆಣ್ಣನ್ನು ಕರೆಯುತ್ತದೆ. ನೀರು ಬಿಟ್ಟು ಕೆಸರಿನ ಮೇಲೆ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನೂ ಅಲ್ಲೇ ಇರುತ್ತದೆ. ನನ್ನ ಕೇಳಿದರೆ ಡಾಲ್ಫಿನ್‌ಗಿಂತ ಇದೇ ಮಜಾ. ಡಾಲ್ಫಿನ್ ಬೆನ್ನು ತೋರಿಸಿ ಹೋಗಿಬಿಡುತ್ತದೆ, ಇವು ಎದುರಿಗೇ ಜಗಳ ಆಡುತ್ತವೆ.

ಡಿಸೆಂಬರ್ ಅಂದರೆ ವಲಸೆ ಹಕ್ಕಿಗಳ ಕಾಲ. ಕಡಲಕಾಗೆಗಳ ಹಿಂಡು ಬಂದರುಗಳಲ್ಲಿ ಮೀನಿನ ಬೋಟ್‌ಗಳ ಹಿಂದೆಯೇ ಇರುತ್ತದೆ. ಅದರಲ್ಲಿ ಕಂದುತಲೆಯ ಕಡಲಕಾಗೆಯನ್ನು ಹುಡುಕಿದರೆ ಕಂದು ತಲೆ ಸಿಗುವುದಿಲ್ಲ. ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಅಷ್ಟೇ. ಲಡಾಖ್, ಟಿಬೆಟ್ ಕಡೆಯ ಸರೋವರಗಳಿಗೆ ವಾಪಸ್ ಹೊರಡುವ ಹೊತ್ತಿಗೆ ಮತ್ತೆ ಕಂದು ಬಣ್ಣ ಬರುತ್ತದೆ. ಮೇಲೆ ಹಾರುವುದನ್ನೂ ನೋಡಿ. ಕೆಂಗಂದು ಮೈ, ಬಿಳಿ ತಲೆ ಇದ್ದರೆ ಗರುಡ. ಅದಕ್ಕಿಂತ ಬಹಳ ದೊಡ್ಡದು, ಬೂದು ಬೆನ್ನು, ಅಚ್ಚ ಬಿಳಿ ಹೊಟ್ಟೆ, ರೆಕ್ಕೆ ಮೇಲಕ್ಕೆತ್ತಿ ತೇಲುತ್ತಿದ್ದರೆ ಅದು ಬಿಳಿಹೊಟ್ಟೆಯ ಕಡಲ ಹದ್ದು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುತ್ತದೆ, ದಡದ ಎತ್ತರದ ಮರಗಳಲ್ಲೂ ಕಟ್ಟುತ್ತದೆ. ಮೀನಿನ ಜೊತೆ ಕಡಲ ಹಾವನ್ನೂ ಹಿಡಿದು ತಿನ್ನುತ್ತದೆ.

ಹಾವಿನ ಮಾತು ಬಂತು, ಹೇಳಿಬಿಡುತ್ತೇನೆ. ದಡದಲ್ಲಿ ರಂಪಣಿ ಬಲೆ ಎಳೆಯುವಾಗ ಮಕ್ಕಳು ಓಡಿಹೋಗಿ ನೋಡುತ್ತಾರೆ. ನೋಡಲಿ, ಮುಟ್ಟುವುದು ಬೇಡ. ಬಂಗಡೆ, ತಾರ್ಲೆಯ ನಡುವೆ ಕಡಲ ಹಾವು ಇರಬಹುದು. ಬಾಲ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ, ವಿಷ ಜೋರು. ಮರಳಿನ ಮೇಲೆ ಬಿದ್ದ ಅಂಬಲಿ ಮೀನನ್ನೂ (ಜೆಲ್ಲಿಫಿಶ್) ಕೈಯಲ್ಲಿ ಎತ್ತಬಾರದು. ಸತ್ತ ಮೇಲೂ ಚುಚ್ಚುತ್ತದೆ.

ಡಾಲ್ಫಿನ್‌ಗೆ ಕಾರವಾರ ಒಳ್ಳೆಯದು. ಬೆನ್ನಿನ ಮೇಲೆ ಗೂನು ಇರುವ ಹಂಪ್‌ಬ್ಯಾಕ್ ಜಾತಿ ದಡದ ಹತ್ತಿರ, ಹೊಳೆಬಾಯಿಯಲ್ಲೇ ಮೀನು ಹಿಡಿಯುತ್ತದೆ. ಗಾಳಿ ಇಲ್ಲದ ಬೆಳಿಗ್ಗೆ ಕಾಳಿ ನದಿ ಸಮುದ್ರ ಸೇರುವ ಕಡೆ ದಡದಲ್ಲೇ ಕೂತರೂ ಅದೃಷ್ಟ ಇದ್ದರೆ ಕಾಣುತ್ತದೆ. ದೇವಬಾಗ ಕಡೆ ಬೋಟ್‌ಗಳಿವೆ. ಹತ್ತುವುದಾದರೆ ಎಂಜಿನ್ ನಿಲ್ಲಿಸಿ ಕಾಯುವ ಬೋಟ್ ಆರಿಸಿ. ಅಟ್ಟಿಸಿಕೊಂಡು ಹೋಗುವ ಬೋಟ್ ಕಂಡರೆ ಡಾಲ್ಫಿನ್‌ಗಳು ಮುಳುಗಿಬಿಡುತ್ತವೆ, ನಿಮ್ಮ ದುಡ್ಡೂ ಮುಳುಗುತ್ತದೆ. ಕಾಳಿಯ ದಂಡೆಯಲ್ಲಿ ಕಾಂಡ್ಲಾ ಕಾಡಿನೊಳಗೆ ನಡೆಯಲು ಬೋರ್ಡ್‌ವಾಕ್ ಇದೆ, ಅಜ್ಜಿ ತಾತ ಜೊತೆಗಿದ್ದರೂ ತೊಂದರೆ ಇಲ್ಲ. ಕಾಳಿಯಲ್ಲಿ ನೀರುನಾಯಿಗಳೂ ಇವೆ. ಅವು ಕಾಣದಿದ್ದರೂ ಮೀನಿನ ಹುರುಪೆ, ಏಡಿ ಚಿಪ್ಪು ತುಂಬಿದ ಹಿಕ್ಕೆ ದಂಡೆಯಲ್ಲಿ ಸಿಗುತ್ತದೆ. ಮಕ್ಕಳಿಗೆ ಅದೂ ಪತ್ತೇದಾರಿ ಆಟವೇ ಅಲ್ವಾ?

ಆಮೆಯ ವಿಷಯದಲ್ಲಿ ಸ್ವಲ್ಪ ನಿರಾಸೆ ಮಾಡಬೇಕು. ಆಲಿವ್ ರಿಡ್ಲಿ ಕಡಲಾಮೆಗಳು ಹೊನ್ನಾವರ, ಕಾರವಾರ ಕಡೆಯ ಮರಳಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಮೊಟ್ಟೆ ಇಡುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ಹಾಗಾಗಿ ಡಿಸೆಂಬರ್‌ನಲ್ಲಿ ಮರಿ ನೋಡುವ ಆಸೆ ಇಟ್ಟುಕೊಳ್ಳಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಬರುವುದಾದರೆ ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿ. ಅವರು ಗೂಡುಗಳಿಗೆ ಬೇಲಿ ಹಾಕಿ ಕಾಯ್ದು, ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಟಾರ್ಚ್, ಫ್ಲ್ಯಾಶ್ ಮಾತ್ರ ಬೇಡ. ಮರಿಗಳು ಬೆಳಕಿದ್ದ ಕಡೆಗೇ ಓಡುತ್ತವೆ, ಸಮುದ್ರದ ದಾರಿ ತಪ್ಪುತ್ತದೆ. ಬಲೆಗೆ ಸಿಕ್ಕಿ ಉಸಿರುಗಟ್ಟಿ ಸತ್ತ ದೊಡ್ಡ ಆಮೆ ದಡಕ್ಕೆ ಬಿದ್ದಿರುವುದೂ ಉಂಟು. ಮಕ್ಕಳು ಕೇಳಿದರೆ ಇದ್ದದ್ದನ್ನೇ ಹೇಳಿ.

ಶಿರಸಿ ಮೇಲೆ ಬರುವವರಿಗೆ ಸೋಂದಾದ ಮುಂಡಿಗೆಕೆರೆ ನೋಡಿ ಅಂತ ಯಾರಾದರೂ ಹೇಳಬಹುದು. ಬೆಳ್ಳಕ್ಕಿಗಳು ಅಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಡಿಸೆಂಬರ್‌ನಲ್ಲಿ ಅದಕ್ಕಾಗಿ ಗಾಡಿ ತಿರುಗಿಸಬೇಡಿ. ಆ ಹೊತ್ತು ಉಳಿಸಿಕೊಂಡು ನೇರ ತದಡಿಗೆ ಇಳಿಯಿರಿ.